ರೋಮನರ ಕೋಟೆಯೂ ಗೋವಿಂದರಾಜುವಿನ ಬುರುಜೂ

ನ್ಯೂಕಾಸಲ್, ಇಂಗ್ಲೆಂಡ್
೨೧ ಏಪ್ರಿಲ್ ೨೦೨೫

ಬಾಮೈದ ಗೋವಿಂದರಾಜುವಿಗೆ ಪಿಳ್ಳಪ್ಪನ ಆಶೀರ್ವಾದಗಳು.

ನನ್ನ ಅಕ್ಷರ ಕಂಡ ಕೂಡಲೇ ಈ ಕಾಗದವನ್ನು ಹರಿದು ಹಾಕಬೇಡ. ಇದರಿಂದ ನಿನ್ನ ಆಣೆಗೆ ಏನೂ ಆಗುವುದಿಲ್ಲ. ನೀನು ಸಪ್ಪಲಮ್ಮನ ಗುಡಿ ಮುಂದೆ ಕರ್ಪೂರ ಹಚ್ಚಿ ಹೇಳಿದ್ದು "ಈ ಮನುಷ್ಯನ್ ಜೊತೆ ಇನ್ನು ನನ್ನ ಬಾಯಿಂದ ಒಂದು ಮಾತು ಬಂದ್ರೆ ನೀನೇ ನೋಡ್ಕೋ ತಾಯಿ" ಎಂದು. ಬಾಯಿಂದ ಎಂದೆ. ಕೈಯ ವಿಚಾರ ಎತ್ತಲಿಲ್ಲ. ಆದರೂ ನಾನು ಹುಷಾರಿನವನು. ಪೂಜಾರಿ ಅಪ್ಪಯ್ಯಣ್ಣನಿಗೆ ಇಲ್ಲಿಂದಲೇ ಫೋನ್ ಮಾಡಿ ಅಮ್ಮನ ಹತ್ತಿರ ಹೂ ಕೇಳಿಸಿದೆ. ವಾಟ್ಸಾಪಿಗೆ ಹೂವು ಎಡಕ್ಕೆ ಬಿತ್ತಂತೆ, ಅಂಚೆ ಕಾಗದಕ್ಕೆ ಬಲಕ್ಕೆ ಬಿತ್ತಂತೆ. ಅಪ್ಪಯ್ಯಣ್ಣ ಅದಕ್ಕೆ ಅರ್ಥವನ್ನೂ ಬಿಡಿಸಿದ. "ಕೇಳಿದ ತಕ್ಷಣ ಉತ್ತರ ಬಂದ್ರೆ ಅದು ಮಾತು ಕಣಪ್ಪ. ಹದಿನೈದು ದಿನ ಬಿಟ್ಟು ಬಂದ್ರೆ ಅದು ಕಾಗದ." ಹಾಗಾಗಿ ಧೈರ್ಯವಾಗಿ ಓದು. ನಾಲ್ಕು ಸಲ ಫೋನ್ ಮಾಡಿದರೆ ನಾಲ್ಕು ಸಲವೂ ಕಟ್ ಮಾಡಿದೆಯಲ್ಲ, ನನಗೂ ಬೇರೆ ದಾರಿ ಇಲ್ಲ.

ನಾವು ಇಲ್ಲಿ ಸುಖವಾಗಿದ್ದೇವೆ. ಮಗಳು ಅರ್ಪಿತ, ಮೊಮ್ಮಗು ಇಬ್ಬರೂ ಚೆನ್ನಾಗಿದ್ದಾರೆ. ಆಸ್ಪತ್ರೆಯವರು ಅವಳಿಗೆ ಒಂದು ವರ್ಷ ರಜ ಕೊಟ್ಟಿದ್ದಾರೆ. ಇಲ್ಲಿ ನರ್ಸುಗಳಿಗೆ ಮರ್ಯಾದೆ ಇದೆ. ಅಳಿಯ ಬೈರೇಶ್ ಸಿಟಿ ಬಸ್ಸು ಓಡಿಸುತ್ತಾನೆ. ಇಲ್ಲಿಯ ಬಸ್ಸಿನಲ್ಲಿ ಕಂಡಕ್ಟರೇ ಇಲ್ಲ ಗೋವಿಂದ! ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಟ್ಟವನಿಗೆ ಇದನ್ನು ನೋಡಿ ಹೇಗಾಗಬೇಡ. ಮೊದಲ ದಿನ ತಡೆಯಲಾರದೆ ಹಿಂದಿನಿಂದ "ರೈಟ್" ಎಂದು ಕೂಗಿಬಿಟ್ಟೆ.

ನಿನ್ನೆ ಭಾನುವಾರ ಅಳಿಯ ನಮ್ಮನ್ನು ರೋಮನರ ಕೋಟೆ ನೋಡಲು ಕರೆದುಕೊಂಡು ಹೋಗಿದ್ದ. ಕೋಟೆ ಎಂದರೆ ದೇವನಹಳ್ಳಿ ಕೋಟೆಯ ಹಾಗೆ ಎತ್ತರದ ಗೋಡೆ, ದೊಡ್ಡ ಬಾಗಿಲು, ಒಳಗೊಂದು ಊರು ಇರುತ್ತದೆ ಎಂದುಕೊಂಡು ಹೊರಟೆ. ಗುಡ್ಡ ಹತ್ತಿದೆವು. ಗಾಳಿ ಎಂಥದ್ದೆಂದರೆ ನಿನ್ನ ಅಕ್ಕ ಸೀರೆಯೊಳಗೆ ಅಳಿಯನ ಪ್ಯಾಂಟು ಹಾಕಿಕೊಂಡಿದ್ದಳು. ಇದನ್ನು ಯಾರಿಗೂ ಹೇಳಬೇಡ. ಮೇಲೆ ಹೋಗಿ ನೋಡಿದರೆ ಹುಲ್ಲಿನ ಮಧ್ಯೆ ಮೊಣಕಾಲೆತ್ತರದ ಕಲ್ಲುಸಾಲುಗಳು. ಸುತ್ತ ಕುರಿಗಳು. "ಕೋಟೆ ಎಲ್ಲಪ್ಪಾ?" ಎಂದೆ. "ಅದ್ರ ಮೇಲೇ ನಿಂತಿದ್ದೀರ ಮಾವ" ಎಂದ. ಅಷ್ಟರಲ್ಲಿ ಹಸಿರು ಕೋಟಿನ ವಯಸ್ಸಾದ ಹೆಂಗಸೊಬ್ಬಳು ಓಡಿ ಬಂದು, ದಯವಿಟ್ಟು ಗೋಡೆಯಿಂದ ಇಳಿಯಿರಿ ಎಂದಳು. ಗೋಡೆಯಂತೆ! ನಮ್ಮ ಹೊಲದ ಬದು ಅದಕ್ಕಿಂತ ಎತ್ತರ ಇದೆ.

ಸಾವಿರದ ಒಂಬೈನೂರು ವರ್ಷದ ಹಿಂದೆ ರೋಮಿನ ದೊರೆ ಎಲ್ಲೆಲ್ಲಿಂದಲೋ ಸಿಪಾಯಿಗಳನ್ನು ತಂದು ಈ ಗಾಳಿಯಲ್ಲಿ ಕಾವಲಿಗೆ ನಿಲ್ಲಿಸಿದ್ದನಂತೆ. ಇದಕ್ಕೆ ಟಿಕೆಟ್ಟು ಬೇರೆ. ಎಲ್ಲಕ್ಕಿಂತ ಹೆಚ್ಚು ಜನ ಸೇರಿದ್ದು ಎಲ್ಲಿ ಹೇಳು? ಸಿಪಾಯಿಗಳ ಕಕ್ಕಸಿನ ಮುಂದೆ. ಎಲ್ಲರೂ ಸಾಲಾಗಿ ಕೂರುವ ಕಕ್ಕಸು, ಕೆಳಗೆ ನೀರು ಹರಿಯಲು ಕಲ್ಲಿನ ಕಾಲುವೆ. ದೊಡ್ಡ ದೊಡ್ಡವರೆಲ್ಲ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆಗ ನನಗೆ ನಿನ್ನ ಆ ಕಲ್ಲುಗುಡ್ಡೆ ನೆನಪಾಯಿತು. ನಿಮ್ಮ ತಾತನೂ ನೆನಪಾದರು. ಬರೆಯದೆ ಇರಲಾಗಲಿಲ್ಲ.

ಇಂತಿ ನಿನ್ನ ಭಾವ,
ಪಿಳ್ಳಪ್ಪ

ಚಿಕ್ಕಹುಣಸನಹಳ್ಳಿ, ಜಡಿಗೇನಹಳ್ಳಿ ಹೋಬಳಿ
ಹೊಸಕೋಟೆ ತಾಲ್ಲೂಕು
೧೨ ಮೇ ೨೦೨೫

ಭಾವನವರಿಗೆ ಗೋವಿಂದರಾಜು ಮಾಡುವ ನಮಸ್ಕಾರಗಳು. ನಮಸ್ಕಾರ ನಿಮ್ಮ ವಯಸ್ಸಿಗೆ. ಬೇರೆ ಯಾವುದಕ್ಕೂ ಅಲ್ಲ.

ನಿಮ್ಮ ಕಾಗದ ಬಂತು. ಪೋಸ್ಟ್‌ಮ್ಯಾನ್ ಆನಂದ್ ಅದನ್ನು ಮನೆಗೆ ತಂದು ಕೊಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇಂಗ್ಲೆಂಡ್ ದೊರೆಯ ತಲೆ ಇರುವ ಸ್ಟಾಂಪು ನೋಡಿ ಅವನಿಗೆ ತಲೆ ತಿರುಗಿ, ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಸೀದಾ ಡೇರಿ ಮುಂದೆ ತಂದ. ಮೂವತ್ತು ಜನ ಕ್ಯಾನು ಹಿಡಿದು ನಿಂತಿದ್ದರು. "ಓದಿ ಕೋಟೆಮನೆಯವರೇ, ಓದಿ" ಎಂದರು. ನಾನೂ ಬುದ್ಧಿಗೆಟ್ಟು ಜೋರಾಗಿ ಶುರು ಮಾಡಿದೆ. ಭಾವ ಎರಡು ತಿಂಗಳಾದ ಮೇಲೆ ಬರೆದಿದ್ದಾರೆ, ತಪ್ಪಾಯ್ತು ಅಂತಲೇ ಬರೆದಿರುತ್ತಾರೆ, ನಾಲ್ಕು ಜನರ ಕಿವಿಗೂ ಬೀಳಲಿ ಎಂಬ ಆಸೆ ನನ್ನದು.

ಅಕ್ಕನ ಪ್ಯಾಂಟಿನ ತನಕ ಚೆನ್ನಾಗಿಯೇ ಹೋಯಿತು. ಆಮೇಲೆ ಕಕ್ಕಸು ಬಂತು. ನಡುವೆ ನಿಲ್ಲಿಸಿದರೆ ಬಿಡುತ್ತಾರೆಯೇ? ನನ್ನ ತಾತನನ್ನು ಇಂಗ್ಲೆಂಡಿನ ಕಕ್ಕಸಿನ ಮುಂದೆ ನಿಲ್ಲಿಸಿದ ಸಾಲನ್ನು ನನ್ನ ಬಾಯಿಂದಲೇ ಓದಿಸಿದಿರಿ. ಡೇರಿ ಸೆಕ್ರೆಟರಿ ನಕ್ಕ ನಗುವಿಗೆ ಒಂದು ಕ್ಯಾನು ಹಾಲು ಚೆಲ್ಲಿ ಹೋಯಿತು.

ಭಾವ, ಫೆಬ್ರವರಿಯಲ್ಲಿ ನಮ್ಮ ಶಶಿರೇಖಾಳ ನಿಶ್ಚಿತಾರ್ಥದ ದಿನ ಆಗಿದ್ದು ಸಾಲದೆ? ಹೊಸ ಬೀಗರು ಅಂಗಳದಲ್ಲಿ ಕೂತು, ನಮ್ಮ ಹೊಲದ ಬುರುಜನ್ನು ತೋರಿಸಿ, "ಅದೇ ಏನ್ರಿ ನಿಮ್ಮ ಕೋಟೆ?" ಎಂದು ಎಷ್ಟು ಗೌರವದಿಂದ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀವು, "ಕೋಟೆನೂ ಇಲ್ಲ ಎಂತದೂ ಇಲ್ಲ, ಕಲ್ಲುಗುಡ್ಡೆ ಅದು. ಇವರ ತಾತ ಬೆಳಿಗ್ಗೆ ಚೊಂಬು ಹಿಡ್ಕೊಂಡು ಅದ್ರ ಮರೆಗೆ ಹೋಗ್ತಿದ್ರು, ಅಷ್ಟೇ ಅದ್ರ ಚರಿತ್ರೆ" ಎಂದಿರಿ. ಎಲೆಯ ಮುಂದೆ ಕೂತ ಅರವತ್ತು ಜನ ನಕ್ಕರು. ನಮ್ಮ ಮನೆಗೆ ಏಳು ತಲೆಯಿಂದ ಕೋಟೆಮನೆ ಎಂದು ಹೆಸರು. ಪಾಳೆಗಾರರ ಕಾಲದಲ್ಲಿ ಆ ಬುರುಜಿನ ಮೇಲೆ ಕಾವಲು ನಿಂತವರು ನಮ್ಮವರು ಎಂದು ಹೇಳಿಕೊಳ್ಳುವುದು ಬಿಟ್ಟರೆ ನನ್ನ ಹತ್ತಿರ ಇನ್ನೇನಿದೆ? ನಾಲ್ಕು ಹಸು, ಒಂದೂವರೆ ಎಕರೆ ಹಿಪ್ಪುನೇರಳೆ.

ಈಗ ನೋಡಿದರೆ ನನ್ನನ್ನು ಆಡಿಕೊಳ್ಳಲು ಇಲ್ಲದ ಒಂದು ಕೋಟೆಯನ್ನೇ ಕಟ್ಟಿದ್ದೀರಿ. ಮೊಣಕಾಲೆತ್ತರದ ಗೋಡೆಯಂತೆ, ಅದಕ್ಕೆ ಟಿಕೆಟ್ಟಂತೆ, ಕಕ್ಕಸಿಗೆ ಫೋಟೋ ಅಂತೆ. ಯಾವ ದೇಶದಲ್ಲಿ ಇರುತ್ತದೆ ಇಂಥದ್ದು? ರೇಷ್ಮೆಗೂಡು ಕೊಳ್ಳಲು ಬರುವ ಅಬ್ದುಲ್ ರಜಾಕ್ ಸಾಬರು ಮಾತ್ರ "ಇರಬಹುದು ಗೋವಿಂದಣ್ಣ, ಅವರು ಹಾಗೇ" ಎಂದರು. ಅವರು ಒಳ್ಳೆಯವರು, ಎಲ್ಲರ ಮಾತನ್ನೂ ನಂಬುತ್ತಾರೆ.

ಮಗುವಿಗೆ ನನ್ನ ಆಶೀರ್ವಾದ. ಅಕ್ಕನಿಗೆ ಪ್ಯಾಂಟಿನ ವಿಷಯ ಊರಿಗೆ ಗೊತ್ತಾಗಿದೆ ಎಂದು ನೀವೇ ಹೇಳಿ.

ಗೋವಿಂದರಾಜು

ನ್ಯೂಕಾಸಲ್
೩೦ ಮೇ ೨೦೨೫

ಬಾಮೈದನಿಗೆ,

ನಿನ್ನ ಕಾಗದ ನೋಡಿ ನನಗೆ ಮೈಯೆಲ್ಲ ಉರಿಯಿತು. ನಾನು ಸುಳ್ಳು ಬರೆದೆನೇ? ಇದರ ಜೊತೆ ಟಿಕೆಟ್ಟು ಇಟ್ಟಿದ್ದೇನೆ, ಕಣ್ಣಿಗೆ ಒತ್ತಿಕೊಂಡು ನೋಡು. ಮೇಲೆ ಕೋಟೆಯ ಚಿತ್ರ, ಕೆಳಗೆ ತಾರೀಖು. ಬೇರೆ ಯಾವ ವಿಷಯದಲ್ಲಿ ನನ್ನನ್ನು ನಂಬದಿದ್ದರೂ ಟಿಕೆಟ್ಟಿನ ವಿಷಯದಲ್ಲಿ ನಂಬಬೇಕು. ಸರ್ವೀಸಿನಲ್ಲಿ ಒಂದೇ ಒಂದು ಸಲವೂ ಚೆಕಿಂಗಿನವರ ಕೈಗೆ ಸಿಕ್ಕವನಲ್ಲ.

ನಿನ್ನನ್ನು ನಂಬಿಸಬೇಕೆಂದೇ ಇನ್ನೊಂದು ಸಲ ಹೋಗಿ ಎಲ್ಲವನ್ನೂ ಸರಿಯಾಗಿ ನೋಡಿಕೊಂಡು ಬಂದೆ. ಅಲ್ಲೊಂದು ಮ್ಯೂಸಿಯಂ ಇದೆ. ಈ ಕಡೆಯ ಕೋಟೆಗಳಲ್ಲಿ ಅಗೆದಾಗ ಸಿಪಾಯಿಗಳ ಕಾಗದಗಳು ಸಿಕ್ಕಿವೆಯಂತೆ, ತೆಳ್ಳನೆಯ ಮರದ ಚಕ್ಕೆಯ ಮೇಲೆ ಮಸಿಯಲ್ಲಿ ಬರೆದವು. ದೊಡ್ಡ ದೊಡ್ಡ ಯುದ್ಧದ ವಿಷಯ ಇರುತ್ತದೆ ಎಂದುಕೊಂಡೆ. ಒಬ್ಬನಿಗೆ ಅವನ ಕಡೆಯವರು ಕಾಲುಚೀಲ, ಚಡ್ಡಿ ಕಳಿಸಿದ್ದಾರೆ, ಅದರ ಲೆಕ್ಕ. ಇನ್ನೊಬ್ಬನದು, ನಾನಿಲ್ಲಿ ಚೆನ್ನಾಗಿದ್ದೇನೆ, ನೀನು ಒಂದು ಕಾಗದವನ್ನೂ ಹಾಕಲಿಲ್ಲವಲ್ಲೋ ಎಂಬ ಜಗಳ. ಬೈರೇಶ್ ಅರ್ಥ ಹೇಳುತ್ತಿದ್ದ. ನಾನು ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ. ಕಾಲು ನೋಯುತ್ತಿತ್ತು, ಅದಕ್ಕೆ.

ನಿಶ್ಚಿತಾರ್ಥದ ಮಾತನ್ನು ನೀನು ಮತ್ತೆ ಎತ್ತಿದ್ದೀಯ. ತಮಾಷೆಗೆ ಆಡಿದ್ದನ್ನು ಇಷ್ಟು ದೂರ ಎಳೆಯುವವನು ನೀನೊಬ್ಬನೇ. ಭಾವ ಬಾಮೈದನನ್ನು ರೇಗಿಸದೆ ಇನ್ನು ಯಾರು ರೇಗಿಸಬೇಕು? ಹರಿದು ಕೊಟ್ಟ ಟಿಕೆಟ್ಟನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. ಬಾಯಿ ಬಿಟ್ಟು ಮಾತಾಡಿದ್ದರೆ ಅವತ್ತೇ ಮುಗಿದು ಹೋಗುತ್ತಿತ್ತು.

ನಿನ್ನ ಭಾವ,
ಪಿಳ್ಳಪ್ಪ

ಗೋವಿಂದ, ನಾನು ಅಕ್ಕ, ಮುತ್ತಮ್ಮ. ಲಕೋಟೆ ಅಂಟಿಸೋಕೆ ಕೊಟ್ಟರು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಇವರು ಹೋದದ್ದು ಇನ್ನೊಂದು ಸಲ ಅಲ್ಲ, ಐದು ಸಲ. ವರ್ಷದ ಪಾಸು ಮಾಡಿಸಿದ್ದಾರೆ. ನಾವು ಇರುವುದು ಆಗಸ್ಟ್ ತನಕ, ಪಾಸು ಯಾಕ್ರೀ ಎಂದರೆ ಬಾಯಿ ಬಿಡುವುದಿಲ್ಲ. ಕಾಲು ನೋವು ಏನೂ ಇಲ್ಲ. ಭಾನುವಾರ ಫೋನಿನಲ್ಲಿ ಇವರ ಹೆಸರೆತ್ತಿದರೆ ನೀನು ಇಟ್ಟುಬಿಡುತ್ತೀಯ, ಆದ್ದರಿಂದ ಇಲ್ಲಿ ಬರೆದೆ. ಪ್ಯಾಂಟಿನ ವಿಷಯ ಊರಿಗೆ ಬಂದ ಮೇಲೆ ನೋಡಿಕೊಳ್ಳುತ್ತೇನೆ, ಇಬ್ಬರನ್ನೂ.

ಚಿಕ್ಕಹುಣಸನಹಳ್ಳಿ
೧೯ ಜೂನ್ ೨೦೨೫

ಶ್ರೀ ಪಿಳ್ಳಪ್ಪನವರಿಗೆ,

ತಮ್ಮ ಪತ್ರ ಮತ್ತು ಟಿಕೆಟ್ಟು ತಲುಪಿದವು. ರಜಾಕ್ ಸಾಬರು ಟಿಕೆಟ್ಟನ್ನು ಓದಿ, ಮೊಬೈಲಿನಲ್ಲಿ ಆ ಕೋಟೆಯ ಚಿತ್ರವನ್ನೂ ತೋರಿಸಿದರು. ತಾವು ಬರೆದದ್ದೆಲ್ಲ ನಿಜ. ಸುಳ್ಳು ಎಂದದ್ದಕ್ಕೆ ಕ್ಷಮೆ ಇರಲಿ.

ಆದರೆ ನಿಜ ಎಂದು ತಿಳಿದ ಮೇಲೆ ನನಗೆ ಇನ್ನೂ ಹೆಚ್ಚು ನೋವಾಯಿತು. ಮೊಣಕಾಲೆತ್ತರದ ಕಲ್ಲಿಗೆ ತಾವು ಕೋಟೆ ಎನ್ನುತ್ತೀರಿ, ವರ್ಷದ ಪಾಸು ಮಾಡಿಸುತ್ತೀರಿ. ಹನ್ನೆರಡು ಅಡಿ ಎತ್ತರದ ನನ್ನ ಬುರುಜು ತಮಗೆ ಇವತ್ತಿಗೂ ಕಲ್ಲುಗುಡ್ಡೆ. ಎರಡು ಕಾಗದ ಬರೆದಿರಿ. ಎರಡರಲ್ಲಿ ಎಲ್ಲಾದರೂ ಒಂದು ಕಡೆ ಬೇರೆ ಮಾತು ಇದೆಯೇ ಎಂದು ಮೂರು ಮೂರು ಸಲ ಹುಡುಕಿದೆ. ಇಲ್ಲ.

ಹೋದ ವಾರ ಬೀಗರು ಮದುವೆಯ ದಿನ ಗೊತ್ತುಮಾಡಲು ಬಂದಿದ್ದರು. ಅವರ ಕಡೆಯ ಹಿರಿಯರೊಬ್ಬರು ನಗುತ್ತಾ ಕೇಳಿದರು, "ಯಾವ ಕಡೆ ಮರೆ ಗೋವಿಂದರಾಜು, ಮೂಡ್ಲಾಗಾ, ಪಡುವ್ಲಾಗಾ?" ಶಶಿರೇಖಾ ಕಾಫಿ ತಟ್ಟೆ ಹಿಡಿದು ನಿಂತಿದ್ದವಳು ಒಳಗೆ ಹೋಗಿ ಅತ್ತಳು. ಆ ಬುರುಜು ಅಲ್ಲಿ ಇರುವ ತನಕ ಈ ಮಾತು ಅವಳ ಹಿಂದೆ ಅತ್ತೆಮನೆಗೂ ಹೋಗುತ್ತದೆ.

ಆದ್ದರಿಂದ ಬುರುಜಿನ ಕಲ್ಲುಗಳನ್ನು ಸಪ್ಪಲಮ್ಮನ ಗುಡಿಗೆ ಕೊಟ್ಟಿದ್ದೇನೆ. ಗುಡಿಗೆ ಮೆಟ್ಟಿಲು, ಸುತ್ತ ಗೋಡೆ ಆಗಬೇಕಿದೆ. ಅಪ್ಪಯ್ಯಣ್ಣನ ಮುಂದೆ ಎಲೆ ಅಡಿಕೆ ಇಟ್ಟು ಮಾತು ಕೊಟ್ಟಾಗಿದೆ. ಮುಂದಿನ ವಾರ ಆಷಾಢ ಹುಟ್ಟುತ್ತದೆ, ಆಷಾಢದಲ್ಲಿ ಕೆಲಸ ಶುರು ಮಾಡುವಂತಿಲ್ಲ. ಶ್ರಾವಣದ ಮೊದಲನೆಯ ಸೋಮವಾರ, ಜುಲೈ ಇಪ್ಪತ್ತೆಂಟಕ್ಕೆ ಜೆಸಿಬಿ ಬರುತ್ತದೆ.

ಇನ್ನು ಕಾಗದ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಆರೋಗ್ಯ ನೋಡಿಕೊಳ್ಳಿ.

ತಮ್ಮ ವಿಶ್ವಾಸಿ,
ಗೋವಿಂದರಾಜು

ನ್ಯೂಕಾಸಲ್
೭ ಜುಲೈ ೨೦೨೫

ಗೋವಿಂದ,

ಬೇಡ ಕಣೋ. ಮುಟ್ಟಬೇಡ.

ನಿನ್ನ ಕಾಗದ ಶನಿವಾರ ಬಂತು. ಅವತ್ತಿನಿಂದ ಹನ್ನೊಂದು ಸಲ ಫೋನ್ ಮಾಡಿದೆ. ನನ್ನ ನಂಬರು ಕಂಡರೆ ಕಟ್. ಅಳಿಯನ ನಂಬರಿನಿಂದ ಮಾಡಿದರೆ "ಹಲೋ" ಎಂದ ಕೂಡಲೇ ನನ್ನ ದನಿ ಗುರುತು ಹಿಡಿದು ಕಟ್. ನಿನ್ನೆ ನಿನ್ನ ಅಕ್ಕ ಬುರುಜು ಎನ್ನುವಷ್ಟರಲ್ಲಿ ಅವಳದೂ ಕಟ್. ಅಪ್ಪಯ್ಯಣ್ಣನಿಗೆ ಮಾಡಿದೆ. "ಅಮ್ಮನಿಗೆ ಬರೋ ಕಲ್ಲಿಗೆ ನಾನೇ ಅಡ್ಡ ಬರ್ಲಾ? ಏನಿದ್ರೂ ನೀನೂ ನಿನ್ನ ಬಾಮೈದನೂ ಮಾತಾಡ್ಕಳಿ" ಎನ್ನುತ್ತಾನೆ. ಮಾತಾಡಿಕೊಳ್ಳಬೇಕಂತೆ! ಅಲ್ಲೇ ಅಲ್ಲವೇ ತೊಡಕು ಬಂದಿರುವುದು.

ಇಷ್ಟು ದಿನದ ಕಾಗದಗಳು ಎಷ್ಟೆಷ್ಟು ದಿನಕ್ಕೆ ಮುಟ್ಟಿವೆ ಎಂದು ನೋಡಿದೆ. ಹೆಚ್ಚೆಂದರೆ ಹತ್ತೊಂಬತ್ತು. ಇವತ್ತಿನಿಂದ ನಿನ್ನ ಸೋಮವಾರಕ್ಕೆ ಇಪ್ಪತ್ತೊಂದು ದಿನ ಇದೆ. ದೇವರು ದೊಡ್ಡವನು. ಆಷಾಢವನ್ನು ಮಾಡಿದವರು ಯಾರೋ ಅವರಿಗೆ ನನ್ನ ನಮಸ್ಕಾರ.

ಈಗ ನಾನು ಬರೆಯುವುದನ್ನು ಎಲ್ಲರ ಮುಂದೆ ಓದು. ಮೊದಲನೆಯ ಕಾಗದ ಓದಿದೆಯಲ್ಲ, ಅದಕ್ಕಿಂತ ಜೋರಾಗಿ ಓದು.

ನಿನ್ನ ಹೊಲದಲ್ಲಿರುವುದು ಕಲ್ಲುಗುಡ್ಡೆ ಅಲ್ಲ. ಕೋಟೆ. ಕೋಟೆಯ ಬುರುಜು. ಅದನ್ನು ಆಡಿಕೊಂಡದ್ದು ನನ್ನ ತಪ್ಪು. ತಮಾಷೆಗೆ ಆಡಿದೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ, ಅದೂ ಸುಳ್ಳು. ಹೊಟ್ಟೆಕಿಚ್ಚಿಗೆ ಆಡಿದೆ. ಮದುವೆಯಾಗಿ ಮೂವತ್ತೇಳು ವರ್ಷವಾಯಿತು. ಆ ಊರಿನಲ್ಲಿ ನನ್ನನ್ನು ಯಾರು ಪರಿಚಯ ಮಾಡಿಕೊಡಲಿ, "ಇವರು ಕೋಟೆಮನೆ ಅಳಿಯ" ಎನ್ನುತ್ತಾರೆ. ನನ್ನ ಮನೆಗೆ ಹೆಸರಿಲ್ಲ. ನಮ್ಮಪ್ಪ ಕಟ್ಟಿದ ಎರಡು ಕೋಣೆಗೆ ಯಾರು ಏನೆಂದು ಹೆಸರಿಡುತ್ತಾರೆ? ಅವತ್ತು ನಿನ್ನ ಬೀಗರು ಅಷ್ಟು ಗೌರವದಿಂದ ಅದನ್ನು ನೋಡುತ್ತಿದ್ದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಅಷ್ಟೇ ಕಾರಣ, ಬೇರೇನೂ ಇಲ್ಲ.

ಇಲ್ಲಿ ಬಂದು ಆ ಮೊಣಕಾಲೆತ್ತರದ ಗೋಡೆ ನೋಡಿದ ದಿನವೇ ನನಗೆ ತಪ್ಪು ತಿಳಿಯಿತು. ಬರೆಯಲು ಕೂತರೆ ಮಾತ್ರ ಕೈ ಬೇರೆ ಏನನ್ನೋ ಬರೆಯುತ್ತಿತ್ತು. ಗೋಡೆಯಿಂದ ಇಳಿಯಿರಿ ಎಂದ ಹೆಂಗಸಿದ್ದಾಳಲ್ಲ, ಅವಳಿಗೆ ಎಪ್ಪತ್ತಾರು ವರ್ಷ, ಸಂಬಳ ಇಲ್ಲದೆ ಕೋಟೆ ಕಾಯುತ್ತಾಳೆ. ವಾರ ವಾರ ಹೋಗುತ್ತಿದ್ದೆನಾ, ಈಗ ನಾನು ಹೋದರೆ ಟೀ ಕೊಡುತ್ತಾಳೆ. ನಿಮ್ಮ ಊರಿನಲ್ಲಿ ಕೋಟೆ ಇದೆಯಾ ಎಂದು ಕೇಳಿದಳು. ನನ್ನ ಬಾಮೈದನದು ಒಂದಿದೆ ಎಂದೆ. ಎಷ್ಟು ಎತ್ತರ ಎಂದಳು. ಹನ್ನೆರಡು ಅಡಿ ಎಂದೆ. ಅವಳು ಅಲ್ಲಿದ್ದ ಇನ್ನಿಬ್ಬರನ್ನು ಕರೆದು, ಇವರ ಮನೆಯವರ ಕೋಟೆ ಹನ್ನೆರಡು ಅಡಿ ನಿಂತಿದೆಯಂತೆ ಎಂದಳು. ಅವರು ನನಗೆ ಕುರ್ಚಿ ಹಾಕಿದರು ಗೋವಿಂದ. ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ನನ್ನ ಬಾಮೈದನೇ, ಏಳು ತಲೆಯಿಂದ ಅವರ ಮನೆಯವರೇ ಎಂದೆ. ಅವರು ದೊಡ್ಡ ಮನುಷ್ಯರಿರಬೇಕು ಎಂದಳು. ಹೌದು ಎಂದೆ. ಎಂಟು ಸಾವಿರ ಕಿಲೋಮೀಟರ್ ಆಚೆ ನಿಂತು ಹೌದು ಎನ್ನಲು ನನಗೆ ಏನೂ ಕಷ್ಟವಾಗಲಿಲ್ಲ. ನಿನ್ನ ಅಂಗಳದಲ್ಲಿ ಕೂತು ಎನ್ನಲಾಗಲಿಲ್ಲ.

ಅಲ್ಲಿ ಬಂದವರು ಹೆಸರು ಬರೆಯುವ ಪುಸ್ತಕ ಒಂದಿದೆ. ಅದರಲ್ಲಿ ಕನ್ನಡದಲ್ಲಿ ಬರೆದು ಬಂದಿದ್ದೇನೆ: ಪಿಳ್ಳಪ್ಪ, ನಿವೃತ್ತ ಕಂಡಕ್ಟರ್, ಕೋಟೆಮನೆ ಗೋವಿಂದರಾಜು ಅವರ ಭಾವ.

ಬುರುಜು ಹೋದರೆ ಅದೂ ಸುಳ್ಳಾಗುತ್ತದೆ. ನಿನ್ನ ಕಾಲು ಬೇಕಾದರೆ ಹಿಡಿಯುತ್ತೇನೆ, ವಯಸ್ಸು ನೋಡುವುದಿಲ್ಲ.

ಪಿಳ್ಳಪ್ಪ

ಗೋವಿಂದ, ಇದನ್ನು ಬರೆಯುವಾಗ ಇವರು ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ. ಕೇಳಿದರೆ ಈರುಳ್ಳಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇವತ್ತು ಅಡುಗೆ ಉಪ್ಪಿಟ್ಟೂ ಅಲ್ಲ ಸಾರೂ ಅಲ್ಲ, ಬ್ರೆಡ್ಡು. ಮುತ್ತಮ್ಮ.

ಚಿಕ್ಕಹುಣಸನಹಳ್ಳಿ
೩೦ ಜುಲೈ ೨೦೨೫

ಭಾವ,

ನೀವು ಹೆಚ್ಚೆಂದರೆ ಹತ್ತೊಂಬತ್ತು ದಿನ ಎಂದಿರಿ. ಇಪ್ಪತ್ತೊಂದು ಹಿಡಿಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬಂತು. ಅಪ್ಪಯ್ಯಣ್ಣ ಅದಕ್ಕೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ. ಊರೆಲ್ಲ ಹೊ‌ಲದಲ್ಲಿ ನೆರೆದಿತ್ತು. ನಾನು ನೋಡಬಾರದೆಂದು ಹಿಪ್ಪುನೇರಳೆ ಸಾಲಿನ ಆ ಕಡೆ ತಿರುಗಿ ನಿಂತಿದ್ದೆ. ಕಲ್ಲು ಬೀಳುವ ಸದ್ದು ಕೇಳುತ್ತಿತ್ತು. ಒಂದು, ಎರಡು ಎಂದು ಎಣಿಸುತ್ತಿದ್ದೆ. ಆರನೆಯ ಕಲ್ಲಿಗೆ ಆನಂದ್ ಬಂದ. ಮನೆಯಲ್ಲಿ ಯಾರೂ ಇಲ್ಲ ಎಂದು ಕಾಗದವನ್ನು ಹೊಲಕ್ಕೇ ತಂದಿದ್ದ. ನಿಮ್ಮ ಅಕ್ಷರ ನೋಡಿ, ಇನ್ನೇನು ಉಳಿದಿದೆ ಆಡಿಕೊಳ್ಳಲು ಎಂದು ಜೇಬಿಗೆ ಹಾಕಿಕೊಳ್ಳಲು ಹೋದೆ. ಶಶಿರೇಖಾ ಕಿತ್ತುಕೊಂಡು ಒಡೆದಳು. ಮೊದಲನೆಯ ಸಾಲು ಓದಿದವಳೇ "ನಿಲ್ಸಿ, ನಿಲ್ಸಿ" ಎಂದು ಕೂಗುತ್ತಾ ಜೆಸಿಬಿ ಮುಂದೆ ಓಡಿದಳು. ನಾನೂ ಅವಳ ಹಿಂದೆ ಓಡಿದೆ.

ನೀವು ಜೋರಾಗಿ ಓದು ಎಂದು ಬರೆದಿರಿ. ನಾನು ಶುರು ಮಾಡಿದೆ, "ಹೊಟ್ಟೆಕಿಚ್ಚಿಗೆ" ಎಂಬಲ್ಲಿಗೆ ಬಂದು ಕಾಗದವನ್ನು ರಜಾಕ್ ಸಾಬರ ಕೈಗೆ ಕೊಟ್ಟೆ. ಉಳಿದದ್ದನ್ನು ಅವರೇ ಓದಿದರು. ಅವರ ದನಿ ನಿಮಗೆ ಗೊತ್ತು, ಗೂಡಿನ ಹರಾಜಿನಲ್ಲಿ ಪಳಗಿದ್ದು. ಹೊಲದ ಆ ತುದಿಗೂ ಕೇಳಿಸಿತು. ನಿಮಗೆ ಕುರ್ಚಿ ಹಾಕಿದರು ಎಂಬಲ್ಲಿ ಡೇರಿ ಸೆಕ್ರೆಟರಿ ಚಪ್ಪಾಳೆ ತಟ್ಟಿದ. ಯಾರೂ ನಗಲಿಲ್ಲ ಭಾವ. ಅಕ್ಕನ ಬ್ರೆಡ್ಡಿಗೆ ಮಾತ್ರ ಸ್ವಲ್ಪ ನಕ್ಕರು.

ಆದರೆ ಅಪ್ಪಯ್ಯಣ್ಣ ಒಪ್ಪಲಿಲ್ಲ. "ಅಮ್ಮನಿಗೆ ಕೊಟ್ಟಿದ್ದನ್ನ ವಾಪಸ್ ತಗೊಳೋ ಹಂಗಿಲ್ಲ. ನಿಮ್ಮನೆ ಆಟ ಅಲ್ಲ ಇದು" ಎಂದ. ಎಲೆ ಅಡಿಕೆ ಇಟ್ಟು ಮಾತು ಕೊಟ್ಟವನು ನಾನೇ. ರಜಾಕ್ ಸಾಬರು ಕಾಗದ ಮಡಿಸುತ್ತಾ ಮೆಲ್ಲಗೆ, "ಕೊಟ್ಟಿದ್ದು ಸರಿ ಪೂಜಾರ್ರೇ. ವಾಪಸ್ ಬೇಡ. ಅಮ್ಮ ತನ್ನ ಕಲ್ಲನ್ನ ಎಲ್ಲಿ ಇಟ್ಕೋಬೇಕು ಅನ್ನೋದು ಅಮ್ಮನ ಇಷ್ಟ ಅಲ್ವಾ? ಅಲ್ಲೇ ಇಟ್ಕೊಳ್ಳಲಿ ಬಿಡಿ" ಎಂದರು. ಅಪ್ಪಯ್ಯಣ್ಣ ಗುಡಿಯ ಕಡೆ ತಿರುಗಿ ಕೈ ಮುಗಿದ. ಆಮೇಲೆ ಉಳಿದ ಕುಂಕುಮವನ್ನು ತಂದು ಬುರುಜಿಗೆ ಬಳಿದ.

ಈಗ ಅದು ಅಮ್ಮನ ಬುರುಜು. ನನ್ನ ಹೊಲದಲ್ಲಿ ನಾನೇ ಚಪ್ಪಲಿ ಬಿಟ್ಟು ಅದರ ಹತ್ತಿರ ಹೋಗಬೇಕು. ಚೊಂಬು ಹಿಡಿದು ಆ ಕಡೆ ಇನ್ನು ಯಾವ ತಾತನೂ ಹೋಗುವಂತಿಲ್ಲ. ಬಿದ್ದ ಆರು ಕಲ್ಲು ಗುಡಿಗೆ ಹೋಗಿ ಒಂದು ಮೆಟ್ಟಿಲಾಗಿವೆ. ಹನ್ನೆರಡು ಅಡಿ ಎಂದು ಆ ಮುದುಕಿಗೆ ಹೇಳಿದ್ದೀರಲ್ಲ, ಹನ್ನೊಂದು ಎಂದು ತಿದ್ದಿ ಬನ್ನಿ. ಶಶಿರೇಖಾ ನಿಮ್ಮ ಕಾಗದದ ಫೋಟೋ ತೆಗೆದು ಬೀಗರ ಮನೆಗೆ ಕಳಿಸಿದ್ದಾಳೆ. ಮರೆಯ ವಿಚಾರ ಕೇಳಿದ ಆ ಹಿರಿಯರು, ಮದುವೆಗೆ ಬಂದಾಗ ಬುರುಜಿಗೆ ಒಂದು ಪೂಜೆ ಮಾಡಿಸಬೇಕು ಎಂದಿದ್ದಾರಂತೆ.

ನಿಮ್ಮ ಮನೆಗೆ ಹೆಸರಿಲ್ಲ ಎಂದು ಬರೆದಿದ್ದೀರಿ. ನನಗೆ ಅದು ಗೊತ್ತೇ ಇರಲಿಲ್ಲ ಭಾವ. ಕೋಟೆಮನೆ ಅಳಿಯ ಎಂದರೆ ನಿಮಗೆ ಹೆಮ್ಮೆ ಎಂದೇ ತಿಳಿದಿದ್ದೆ. ಮೂವತ್ತೇಳು ವರ್ಷ ಎಲ್ಲರಿಗೂ ಹಾಗೆ ಹೇಳಿಕೊಟ್ಟವನು ನಾನೇ. ನಾನು ಎಷ್ಟು ಸಲ ನಿಮ್ಮ ಮನೆಯಲ್ಲಿ ಉಂಡಿದ್ದೇನೆ, ಅದನ್ನು ಏನೆಂದು ಕರೆಯಬೇಕು ಎಂದು ಒಂದು ದಿನವೂ ಯೋಚಿಸಲಿಲ್ಲ. ಅದು ನನ್ನ ತಪ್ಪು. ನೀವು ನನ್ನ ಕಾಲು ಹಿಡಿಯುವುದು ಬೇಡ, ಇಬ್ಬರಿಗೂ ಬಗ್ಗಲು ಆಗುವುದಿಲ್ಲ.

ಆಣೆಯ ವಿಚಾರವನ್ನೂ ಅಪ್ಪಯ್ಯಣ್ಣನ ಹತ್ತಿರ ಇತ್ಯರ್ಥ ಮಾಡಿಕೊಂಡೆ. ಒಂದು ಹುಂಜ, ಮೂರು ತೆಂಗಿನಕಾಯಿಗೆ ಅಮ್ಮ ಬಿಟ್ಟುಕೊಡುತ್ತಾಳಂತೆ. ನಿನ್ನೆ ಮಂಗಳವಾರವೇ ಒಪ್ಪಿಸಿ ಬಂದೆ. ನೀವು ಬರುವ ತನಕ ಕಾಯೋಣ ಎಂದುಕೊಂಡಿದ್ದೆ, ಆಗಲಿಲ್ಲ.

ಗೌರಿ ಹಬ್ಬದೊಳಗೆ ಬರುತ್ತೀರಲ್ಲವೇ, ಅಕ್ಕನಿಗೆ ಬಾಗಿನ ಕೊಡಬೇಕು. ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ವಿಮಾನ ಎಷ್ಟು ಹೊತ್ತಿಗೆ ಎಂದು ಕಾಗದ ಬರೆಯಲು ಕೂರಬೇಡಿ.

ಫೋನ್ ಮಾಡಿ ಭಾವ. ಎತ್ತುತ್ತೇನೆ.

ಗೋವಿಂದ